ಹೊನ್ನೆಮರದ ತಿರುವಿನ ಹಾರ್ನು

ಹೋದ ವರ್ಷ ಶಿವಮೊಗ್ಗದ ಕಾಲೇಜೊಂದರಲ್ಲಿ, ಮುಂದಿನ ಕಾಲದ ಸಾರಿಗೆ ಹೇಗಿರಬೇಕು ಎಂಬ ವಿಷಯದ ಮೇಲೆ ಮಾತಾಡಲು ನನ್ನನ್ನು ಕರೆದಿದ್ದರು. ಸಾಗರದ ಒಂದು ಖಾಸಗಿ ಬಸ್ ಕಂಪನಿಯಲ್ಲಿ ವೇಳಾಪಟ್ಟಿ ಹಾಕುತ್ತಾ ತಲೆ ಹಣ್ಣು ಮಾಡಿಕೊಂಡ ನನ್ನನ್ನು ಯಾರು ನೆನಪಿಟ್ಟುಕೊಂಡಿದ್ದರೋ ಕಾಣೆ. ಅಲ್ಲಿ ಒಬ್ಬ ಹುಡುಗಿ ತನ್ನ ಮೊಬೈಲ್ ಹಿಡಿದು ಬಂದು, ‘ನೋಡಿ ಸರ್, ಬಸ್ಸು ಈಗ ಎಲ್ಲಿದೆ, ನಿಮ್ಮ ಸ್ಟಾಪಿಗೆ ಬರಲು ಎಷ್ಟು ಹೊತ್ತು ಬೇಕು, ಎಲ್ಲ ಇದರಲ್ಲೇ ಕಾಣುತ್ತೆ. ಜನ ಮನೆಯಿಂದ ಹೊರಡುವ ಹೊತ್ತಿಗೆ ಸರಿಯಾಗಿ ಹೊರಡಬಹುದು’ ಎಂದಳು. ನನಗೆ ಎಷ್ಟು ಖುಷಿಯಾಯಿತೆಂದರೆ, ‘ಇದು ನಮ್ಮ ತಿಮ್ಮಪ್ಪಣ್ಣನ ಬಸ್ಸಿನಲ್ಲಿ ಆಗಲೇ ಇತ್ತು ಮಗಾ’ ಎಂದುಬಿಟ್ಟೆ. ಅವಳು ನಕ್ಕಳು. ಮುದುಕ ಏನೋ ಹೇಳುತ್ತಾನೆ ಎಂದುಕೊಂಡಿರಬೇಕು. ವೇದಿಕೆಯ ಮೇಲೆ ನನಗೆ ಕೊಟ್ಟದ್ದು ಹತ್ತೇ ನಿಮಿಷ. ಅದರಲ್ಲಿ ಅರ್ಧ ಹಾರ ತುರಾಯಿಗೇ ಹೋಯಿತು. ಅಲ್ಲಿ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ಆ ಹುಡುಗಿಯಂಥವರು ಓದಿದರೆ ಸಾಕು.

ನಾನು ಕೆಳದಿಯವನು. ಎಪ್ಪತ್ತರ ದಶಕದ ಆರಂಭದಲ್ಲಿ ಟೈಂ ಕೀಪರ್ ಆಗಿ ಕೆಲಸಕ್ಕೆ ಸೇರಿದೆ. ಸಾಗರದ ಬಸ್ ನಿಲ್ದಾಣದಲ್ಲಿ ಒಂದು ಸ್ಟೂಲು, ಒಂದು ರಿಜಿಸ್ಟರು, ಅಪ್ಪ ಕೊಟ್ಟ ಒಂದು ಕೈಗಡಿಯಾರ. ಬಸ್ಸು ಬಂದ ಹೊತ್ತು, ಬಿಟ್ಟ ಹೊತ್ತು ಬರೆಯುವುದು ನನ್ನ ಕೆಲಸ. ಎರಡು ವರ್ಷದೊಳಗೆ ನನಗೆ ಇಡೀ ಕಂಪನಿಯ ವೇಳಾಪಟ್ಟಿ ಹಾಕುವ ಜವಾಬ್ದಾರಿ ಬಂತು. ಕಾರಣ ನನ್ನ ಜಾಣತನವೇನಲ್ಲ. ನಮ್ಮ ಮ್ಯಾನೇಜರಿಗೆ ಕಣ್ಣಿನ ಪೊರೆ ಬಂದು ಸಣ್ಣ ಅಂಕಿ ಕಾಣುತ್ತಿರಲಿಲ್ಲ. ಅಂದಿನಿಂದ ಡ್ರೈವರು, ಕಂಡಕ್ಟರುಗಳ ಬಾಯಲ್ಲಿ ನಾನು ‘ಟೈಂ ರಾಯ್ರು’ ಆದೆ.

ಮೊದಮೊದಲು ನಾನು ಮಾಡಿದ ಎಡವಟ್ಟುಗಳಿಗೆ ಲೆಕ್ಕವಿಲ್ಲ. ತೀರ್ಥಹಳ್ಳಿಯಿಂದ ಸಂಜೆ ಶಾಲೆ ಬಿಡುವ ಹೊತ್ತಿಗೆ ಒಂದು ಬಸ್ಸು ಹಾಕಿ, ಭೇಷ್ ಎನಿಸಿಕೊಳ್ಳಲು ಕಾಯುತ್ತಿದ್ದೆ. ಬಂದದ್ದು ಒಬ್ಬ ಮೇಷ್ಟರ ಪೋಸ್ಟ್ ಕಾರ್ಡು. ‘ತಾವು ಶಾಲೆಗೆ ಹೋಗಿದ್ದು ಹೌದಾದರೆ, ಶನಿವಾರ ಶಾಲೆ ಬೆಳಿಗ್ಗೆಯೇ ಬಿಡುತ್ತದೆಂಬುದು ತಮಗೆ ತಿಳಿದಿರಬೇಕಿತ್ತು’ ಎಂದು ಅದರಲ್ಲಿತ್ತು. ಮಕ್ಕಳು ಶನಿವಾರವಿಡೀ ಬಸ್ ನಿಲ್ದಾಣದಲ್ಲಿ ಗೋಲಿ ಆಡುತ್ತಾ ಕುಳಿತಿರುತ್ತಿದ್ದರಂತೆ. ಆ ಕಾರ್ಡನ್ನು ಮ್ಯಾನೇಜರು ಆಫೀಸಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ಎಷ್ಟು ಕೇಳಿಕೊಂಡರೂ ತೆಗೆಯಲಿಲ್ಲ.

ಬ್ಯಾಕೋಡಿನ ಕಡೆಯ ಲಾಂಚಿನವನು ನನಗೆ ಇನ್ನೊಂದು ಪಾಠ ಹೇಳಿಕೊಟ್ಟ. ಹಿನ್ನೀರಿನ ಈ ದಡಕ್ಕೆ ನಮ್ಮ ಬಸ್ಸು, ಆ ದಡಕ್ಕೆ ಅವನ ಲಾಂಚು. ಬಸ್ಸು ತಡವಾದ ದಿನ ಅವನು ಗಂಟೆ ನೋಡಿ ಹೊರಡುತ್ತಿರಲಿಲ್ಲ. ಗುಡ್ಡದ ನೆತ್ತಿಯಲ್ಲಿ ಧೂಳು ಎದ್ದಿದೆಯೇ ಎಂದು ನೋಡುತ್ತಿದ್ದ. ಧೂಳು ಕಂಡರೆ ಕಾಯುತ್ತಿದ್ದ. ‘ಅವ್ರು ಈ ಲಾಂಚ್ ನಂಬ್ಕಂಡ್ ಬಂದಿರ್ತಾರೆ ಮಾರಾಯ್ರೆ, ಬಿಟ್ಟು ಹೋದ್ರೆ ಅವ್ರು ಇವತ್ತು ಎಲ್ಲಿ ಉಣ್ಬೇಕು?’ ಎಂದು ನನ್ನನ್ನೇ ಕೇಳಿದ. ನಾನು ಅವನ ಮಾತನ್ನು ಮೆಚ್ಚಿಕೊಂಡು ಪುಸ್ತಕದಲ್ಲಿ ಬರೆದುಕೊಂಡೆ. ಬರೆದುಕೊಂಡದ್ದು ತಲೆಗೆ ಇಳಿದಿರಲಿಲ್ಲ ಎಂಬುದು ಮುಂದೆ ಹೇಳುವ ಪ್ರಸಂಗದಿಂದ ನಿಮಗೇ ತಿಳಿಯುತ್ತದೆ.

ನಮ್ಮಲ್ಲಿ ಒಂದು ಹಾಲ್ಟಿಂಗ್ ಬಸ್ಸಿತ್ತು. ಅದು ರಾತ್ರಿ ಹುಲಿಕಲ್ಲಿನಲ್ಲಿ ತಂಗಿ, ಬೆಳಿಗ್ಗೆ ಅಲ್ಲಿಂದ ಹೊರಟು, ನಗರ, ಹೊಸನಗರದ ಮೇಲೆ ಸಾಗರಕ್ಕೆ ಬರುತ್ತಿತ್ತು. ಅದರ ಡ್ರೈವರು ತಿಮ್ಮಪ್ಪ. ನನಗಿಂತ ಹದಿನೈದು ವರ್ಷ ದೊಡ್ಡವನಾದ್ದರಿಂದ ನಾನು ತಿಮ್ಮಪ್ಪಣ್ಣ ಎನ್ನುತ್ತಿದ್ದೆ. ಮಾತು ಕಡಿಮೆ, ಕೈ ಮೃದು. ಅವನು ಗೇರ್ ಬದಲಿಸಿದ್ದು ಗೊತ್ತಾಗುತ್ತಲೇ ಇರಲಿಲ್ಲ. ಘಾಟಿಯಲ್ಲಿ ಬಸ್ಸು ಹತ್ತಿಸುವಾಗ ಕಂಡಕ್ಟರ್ ಕೈಯಲ್ಲಿನ ಚಹಾ ತುಳುಕುತ್ತಿರಲಿಲ್ಲ ಎಂದು ಜನ ಹೇಳುತ್ತಿದ್ದರು. ಸ್ವಲ್ಪ ಹೆಚ್ಚೇ ಹೇಳುತ್ತಿದ್ದರು ಎಂದಿಟ್ಟುಕೊಂಡರೂ, ಅಂಥ ಡ್ರೈವರನ್ನು ನಾನು ಮತ್ತೆ ನೋಡಲಿಲ್ಲ.

ಆ ಬಸ್ಸಿನ ಮೇಲೆ ಒಂದು ದೂರಿತ್ತು. ಸಾಗರದಲ್ಲಿ ಶಿವಮೊಗ್ಗದ ರೈಲು ಹಿಡಿಯಬೇಕಾದವರ ಕಣ್ಣೆದುರೇ ರೈಲು ಹೊರಟುಹೋಗುತ್ತಿತ್ತು. ಯಜಮಾನರು, ಅಂದರೆ ಕಂಪನಿಯ ಮಾಲೀಕರು, ನನ್ನನ್ನು ಕರೆಸಿ, ‘ಏನಾದ್ರೂ ಮಾಡಿ ಹತ್ತು ನಿಮಿಷ ಉಳಿಸ್ಕೊಡು’ ಎಂದರು. ನಾನು ಗಡಿಯಾರ ಹಿಡಿದು ಮೂರು ದಿನ ಆ ಬಸ್ಸಿನಲ್ಲಿ ಓಡಾಡಿದೆ. ಎಲ್ಲಿ ಎಷ್ಟು ನಿಂತಿತು, ಯಾಕೆ ನಿಂತಿತು, ಒಂದೊಂದನ್ನೂ ಬರೆದೆ. ಗ್ರಾಫ್ ಹಾಳೆಯ ಮೇಲೆ ಓರೆ ಗೆರೆ ಎಳೆದು ಬಸ್ಸಿನ ಓಟ ತೋರಿಸುವ ಪದ್ಧತಿಯನ್ನು ಆಗಷ್ಟೇ ಕಲಿತಿದ್ದೆ. ಬಸ್ಸು ನಿಂತಲ್ಲೆಲ್ಲ ಗೆರೆ ಅಡ್ಡಕ್ಕೆ ಮಲಗುತ್ತದೆ. ಹೀಗೆ ಮಲಗಿದ ಗೆರೆಗಳನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ನಗರ ದಾಟಿದ ಮೇಲೆ ಒಂದು ಕಣಿವೆ ಬರುತ್ತದೆ. ರಸ್ತೆ ಅದರ ಅಂಚನ್ನು ಹಿಡಿದು ದೊಡ್ಡ ಸುತ್ತು ಹಾಕಿಕೊಂಡು ಕೆಳಗಿಳಿಯುತ್ತದೆ. ಇಳಿಯುವ ಮುಂಚೆ ಮೇಲೊಂದು ತಿರುವು, ಅಲ್ಲೊಂದು ದೊಡ್ಡ ಹೊನ್ನೆಮರ. ಆ ತಿರುವಿನಲ್ಲಿ ಮನೆಯಿಲ್ಲ, ಮಠವಿಲ್ಲ, ಹತ್ತುವವರಿಲ್ಲ, ಇಳಿಯುವವರಿಲ್ಲ. ಆದರೂ ತಿಮ್ಮಪ್ಪಣ್ಣ ಅಲ್ಲಿ ಬಸ್ಸು ನಿಲ್ಲಿಸುತ್ತಿದ್ದ. ಕಿಟಕಿಯ ಹೊರಗೆ ಕಟ್ಟಿದ್ದ ಹಳೆಯ ರಬ್ಬರ್ ಉಂಡೆಯ ಹಾರ್ನನ್ನು ಹಿಂಡುತ್ತಿದ್ದ. ಉದ್ದಕ್ಕೆ ಒಂದು, ಸ್ವಲ್ಪ ಬಿಟ್ಟು ಇನ್ನೊಂದು, ಮತ್ತೆ ಇನ್ನೊಂದು. ಬಳಿಕ ನಿಧಾನವಾಗಿ ಕಣಿವೆ ಸುತ್ತಿ ಇಳಿಯುತ್ತಿದ್ದ. ಹಾಗೆ ಇಪ್ಪತ್ತು ನಿಮಿಷ ಇಳಿದ ಮೇಲೆ ಕಲ್ಲುಕಟ್ಟೆ ಸ್ಟಾಪು. ಹೊನ್ನೆಮರದ ಎದುರು ನಾನು ಬರೆದ ಷರಾ ಈಗಲೂ ಆ ನೋಟ್‌ಬುಕ್ಕಿನಲ್ಲಿದೆ: ‘ವ್ಯರ್ಥ ನಿಲುಗಡೆ. ಚಾಲಕನ ಹವ್ಯಾಸ.’

ಅಂಥ ನಿಲುಗಡೆಗಳನ್ನೆಲ್ಲ ಕಿತ್ತು, ಇಳಿಜಾರಿನ ಓಟವನ್ನು ಸ್ವಲ್ಪ ಬಿಗಿ ಮಾಡಿ, ಒಟ್ಟು ಹನ್ನೊಂದು ನಿಮಿಷ ಉಳಿಸಿದೆ. ಯಜಮಾನರು ಬೆನ್ನು ತಟ್ಟಿದರು. ನಾನು ಅಷ್ಟಕ್ಕೇ ಸುಮ್ಮನಾಗದೆ, ಅನಗತ್ಯ ಹಾರ್ನ್ ಮಾಡಕೂಡದು ಎಂದು ತಿಮ್ಮಪ್ಪಣ್ಣನ ಹೆಸರಿಗೆ ಒಂದು ಮೆಮೊ ಬರೆದು, ಮ್ಯಾನೇಜರ ಸಹಿ ಹಾಕಿಸಿ ಅವನ ಕೈಗೆ ಕೊಟ್ಟೆ. ಅವನು ಮೆಮೊವನ್ನು ಎರಡು ಸಲ ಓದಿದ.

‘ರಾಯ್ರೇ, ಕೆಳಗಿನ್ ಮನೆಯೋರು ಹೊರಡ್ಬೇಕಲ್ರೀ’ ಎಂದ.

‘ಹೊರಡೋದಕ್ಕೆ ಟೈಂ ಹಾಕಿ ಬೋರ್ಡ್ ಬರ್ಸಿದೀನಲ್ಲ ತಿಮ್ಮಪ್ಪಣ್ಣ.’

ಅವನು ಮೆಮೊವನ್ನು ನನ್ನ ಮೇಜಿನ ಮೇಲಿಟ್ಟು ಹೊರಟ. ಕಲ್ಲುಕಟ್ಟೆಯಲ್ಲಿ ನಾನು ನೆಡಿಸಿದ್ದ ಹೊಸ ಬೋರ್ಡು ನಿಜವಾಗಿಯೂ ಚೆನ್ನಾಗಿತ್ತು. ಹಳದಿ ಹಲಗೆ, ಕಪ್ಪಕ್ಷರ. ಆ ಕಣಿವೆಯಲ್ಲಿ ಗಡಿಯಾರ ಇರುವ ಮನೆಗಳು ಎಷ್ಟು ಎಂದು ಮಾತ್ರ ನಾನು ಯಾರನ್ನೂ ವಿಚಾರಿಸಿರಲಿಲ್ಲ.

ಎರಡನೆಯ ವಾರದ ಕೊನೆಗೆ, ನನ್ನ ಹೊಸ ಟೈಮು ಹೇಗೆ ನಡೆದಿದೆ ನೋಡೋಣವೆಂದು ಮುಂಚಿನ ದಿನವೇ ಹುಲಿಕಲ್ಲಿಗೆ ಹೋಗಿ ಬೆಳಿಗ್ಗೆ ಅದೇ ಬಸ್ಸು ಹತ್ತಿದೆ. ಚಳಿಗಾಲ. ಕಾವಳ ಎಷ್ಟು ದಟ್ಟವಾಗಿತ್ತೆಂದರೆ ಎದುರಿನ ರಸ್ತೆ ನಾಲ್ಕು ಮಾರಿನಾಚೆ ಕಾಣುತ್ತಿರಲಿಲ್ಲ. ಹೊನ್ನೆಮರದ ತಿರುವಿನಲ್ಲಿ ತಿಮ್ಮಪ್ಪಣ್ಣ ಬಸ್ಸು ನಿಲ್ಲಿಸಲಿಲ್ಲ. ಕೈ ಮಾತ್ರ ತಾನಾಗಿ ಹಾರ್ನಿನ ಕಡೆ ಹೋಗಿ ವಾಪಸ್ಸು ಬಂತು. ಕಲ್ಲುಕಟ್ಟೆಗೆ ಬಂದಾಗ ಒಬ್ಬ ಹೆಂಗಸು ರಸ್ತೆಯ ನಟ್ಟನಡುವೆ ಎರಡೂ ಕೈ ಚಾಚಿ ನಿಂತಿದ್ದಳು. ಬಸ್ಸು ಗಕ್ಕನೆ ನಿಂತಿತು.

‘ಹತ್ತಮ್ಮಾ’ ಎಂದ ಕಂಡಕ್ಟರು.

‘ನಾನಲ್ಲ, ಅವ್ರು ಬರ್ತಿದಾರೆ. ಗದ್ದೆ ಬದಿನ್ ಮ್ಯಾಲೆ ಕೂತ್ಕಂಡಿದಾರೆ. ಉಸ್ರು ಹಿಡಿದ್ಕಂಡಿದೆ. ಒಂದ್ ಗಳಿಗೆ ನಿಲ್ಸ್ರಪ್ಪಾ.’

ನಾನು ಗಡಿಯಾರ ನೋಡಿದೆ. ನಾಲ್ಕು ನಿಮಿಷ ತಡವಾಗಿತ್ತು. ಈಗ ನೆನೆದರೂ ನಾಚಿಕೆಯಾಗುತ್ತದೆ. ‘ರೈಲು ತಪ್ಪುತ್ತೆ ತಿಮ್ಮಪ್ಪಣ್ಣ, ಹೊರಡು’ ಎಂದೆ.

ತಿಮ್ಮಪ್ಪಣ್ಣ ಎಂಜಿನ್ ಆರಿಸಿದ. ಆ ಚಳಿಯಲ್ಲಿ ಆರಿಸಿದ ಎಂಜಿನ್ನನ್ನು ಮತ್ತೆ ಚಾಲೂ ಮಾಡುವುದು ಸುಲಭದ ಕೆಲಸವಲ್ಲ, ಅದು ಬಸ್ಸಿನಲ್ಲಿದ್ದ ಎಲ್ಲರಿಗೂ ಗೊತ್ತು. ಕೀ ತೆಗೆದು, ಹಿಂದಕ್ಕೆ ತಿರುಗಿ, ಅದನ್ನು ನನ್ನ ತೊಡೆಯ ಮೇಲಿಟ್ಟ.

‘ನೀವೇ ಹೊಡ್ಕಂಡ್ ಹೋಗಿ ರಾಯ್ರೇ. ನನ್ ಕೈಲಿ ಆಗಲ್ಲ.’

ರೈಲು ಹಿಡಿಯಬೇಕಾದವರೂ ಕಿಟಕಿಯಿಂದ ಗದ್ದೆಯ ಕಡೆ ನೋಡತೊಡಗಿದರು. ಸ್ವಲ್ಪ ಹೊತ್ತಿಗೆ ಕಾವಳದೊಳಗಿಂದ ಒಬ್ಬ ಮನುಷ್ಯ ಮೆಲ್ಲಗೆ ಹತ್ತಿ ಬಂದ. ಕಂಬಳಿ ಹೊದ್ದಿದ್ದ. ವಯಸ್ಸು ನಲವತ್ತು ಇರಬಹುದು, ನೋಡಲು ಅರವತ್ತರಂತಿದ್ದ. ಕಂಡಕ್ಟರು ಅವನ ರಟ್ಟೆ ಹಿಡಿದು ಹತ್ತಿಸಿ ನನ್ನ ಪಕ್ಕದಲ್ಲಿ ಕೂರಿಸಿದ. ಹೆಂಡತಿ ಅವನ ಮುಂದೆ ನಿಂತಳು. ಅವನ ಹೆಸರು ಚೌಡಪ್ಪ, ಅವಳ ಹೆಸರು ಲಕ್ಷ್ಮಮ್ಮ. ನಾನು ಕೀಯನ್ನು ಮುಂದಕ್ಕೆ ಚಾಚಿ ತಿಮ್ಮಪ್ಪಣ್ಣನ ಕೈಗೆ ವಾಪಸ್ಸು ಕೊಟ್ಟೆ.

ಹೊಸನಗರ ಬರುವವರೆಗೂ ಲಕ್ಷ್ಮಮ್ಮನೇ ಹೇಳಿದಳು. ಗಂಡನಿಗೆ ಎದೆಯ ಕಾಯಿಲೆ. ವಾರಕ್ಕೆ ಎರಡು ದಿನ ಹೊಸನಗರದ ಆಸ್ಪತ್ರೆಯಲ್ಲಿ ಇಂಜೆಕ್ಷನ್. ಒಂದೂ ತಪ್ಪಿಸುವಂತಿಲ್ಲ. ಬೇಸಿಗೆಯಿಂದ ತಪ್ಪದೆ ತೆಗೆದುಕೊಂಡು, ಅನ್ನ ಸೇರುವಷ್ಟು ಸುಧಾರಿಸಿದ್ದ. ಈಗ ಸಾಲಾಗಿ ಮೂರು ಸಲ ಬಸ್ಸು ತಪ್ಪಿತ್ತು. ಮುಂದಿನ ಬಸ್ಸು ಮಧ್ಯಾಹ್ನಕ್ಕೆ, ಅಷ್ಟು ಹೊತ್ತಿಗೆ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡುವುದು ಮುಗಿದಿರುತ್ತದೆ.

‘ಬೇಗ ಬಂದು ಕಾಯ್ಬಹುದಿತ್ತಲ್ಲಮ್ಮ’ ಎಂದೆ. ಇನ್ನೂ ನನಗೆ ಬುದ್ಧಿ ಬಂದಿರಲಿಲ್ಲ.

‘ಬಂದ್ವಿ. ಮೊದ್ಲನೇ ಸಲ ಬಸ್ಸು ಹೋಗ್ಬಿಟ್ಟಿತ್ತು. ಎರಡ್ನೇ ಸಲ ಕತ್ಲಲ್ಲೇ ಬಂದು ಈ ಥಂಡೀಲಿ ಕೂತ್ವಿ. ಕೆಮ್ಮು ಹತ್ಕಂಡು ರಕ್ತ ಬಂತು, ವಾಪಸ್ ಕರ್ಕಂಡ್ ಹೋದೆ. ಮೂರ್ನೇ ಸಲ ಹೊತ್ತೆಷ್ಟು ಅಂತ್ಲೇ ಗೊತ್ತಾಗ್ಲಿಲ್ಲ. ಈ ಕಾವಳದಲ್ಲಿ ಸೂರ್ಯ ಎಲ್ಲಿ ಕಾಣ್ತಾನೆ?’

‘ಮತ್ತೆ ಮುಂಚೆ ಹೇಗೆ ಗೊತ್ತಾಗ್ತಿತ್ತು?’

ಉತ್ತರ ಕೊಟ್ಟದ್ದು ಚೌಡಪ್ಪ. ಮಾತಿಗೊಮ್ಮೆ ನಿಲ್ಲಿಸಿ ನಿಲ್ಲಿಸಿ ಹೇಳಿದ. ‘ಹೊನ್ನೆಮರದ ಹತ್ರ ತಿಮ್ಮಪ್ಪಣ್ಣ ಹಾರ್ನ್ ಹಾಕ್ತಿದ್ರು. ಕೇಳಿದ್ ಕೂಡ್ಲೆ ಕಂಬ್ಳಿ ಹೊದ್ಕಂಡು ಹೊರಟ್ರೆ, ಕೂತು ಎದ್ದು ಬಂದ್ರೂ ಬಸ್ಸು ಸಿಕ್ತಿತ್ತು. ಈಗ ಯಾಕೋ ಹಾಕಲ್ಲ.’

ನಾನು ತಲೆ ತಗ್ಗಿಸಿದೆ. ಮುಂದೆ ಕುಳಿತಿದ್ದ ತಿಮ್ಮಪ್ಪಣ್ಣನಿಗೆ ಇದೆಲ್ಲ ಕೇಳಿಸುತ್ತಿತ್ತು. ‘ಈ ರಾಯರೇ ಬೇಡ ಎಂದದ್ದು’ ಎಂದು ಅವನು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅವನ ಮೇಲೆ ನನಗೆ ಹುಟ್ಟಿದ ಗೌರವಕ್ಕೆ ಗಾಡಿ ಓಡಿಸುವ ಕೈಗಿಂತ ಆ ಮೌನವೇ ದೊಡ್ಡ ಕಾರಣ.

ಹೊಸನಗರದಲ್ಲಿ ನಾನೂ ಇಳಿದು ಅವರ ಜೊತೆ ಆಸ್ಪತ್ರೆಗೆ ಹೋದೆ. ಡಾಕ್ಟರು ಚೀಟಿ ನೋಡಿ ಚೌಡಪ್ಪನನ್ನು ಬೈದರು. ಅವನು ಒಳಗೆ ಹೋದ ಮೇಲೆ ನನಗೆ ಹೇಳಿದರು: ‘ಇನ್ನು ತಪ್ಪದೆ ಬಂದರೆ ಬದುಕುತ್ತಾನೆ. ಇನ್ನೊಮ್ಮೆ ಹೀಗೆ ಬಿಟ್ಟರೆ ನಾನೇನೂ ಮಾಡಲಾರೆ.’ ಆ ಮಾತು ಕೇಳಿದಾಗ ನನ್ನ ಜೇಬಿನಲ್ಲಿದ್ದ ನೋಟ್‌ಬುಕ್ಕನ್ನು ಎಲ್ಲಾದರೂ ಎಸೆದುಬಿಡಬೇಕು ಎನಿಸಿತು.

ಎಸೆಯಲಿಲ್ಲ. ಸಾಗರಕ್ಕೆ ವಾಪಸ್ಸು ಹೋಗದೆ ಮಧ್ಯಾಹ್ನದ ಬಸ್ಸಿಗೆ ಕಲ್ಲುಕಟ್ಟೆಗೆ ಮರಳಿ, ಅದೇ ನೋಟ್‌ಬುಕ್ಕು ಹಿಡಿದು ಕಣಿವೆಗೆ ಇಳಿದೆ. ಐದು ದಿನ ನಡೆದೆ. ಒಂದೊಂದು ಮನೆಯಿಂದಲೂ ಸ್ಟಾಪಿನವರೆಗೆ, ಆ ಮನೆಯವರ ಜೊತೆಯಲ್ಲೇ, ಅವರ ಹೆಜ್ಜೆಗೆ ಹೆಜ್ಜೆ ಹಾಕಿ. ತಲೆಯ ಮೇಲೆ ತರಕಾರಿ ಬುಟ್ಟಿ ಹೊತ್ತವಳಿಗೆ ಎಷ್ಟು ಹೊತ್ತು, ಕೂಸು ಎತ್ತಿಕೊಂಡವಳಿಗೆ ಎಷ್ಟು, ಮಂಡಿ ನೋವಿನ ಅಜ್ಜಿಗೆ ಎಷ್ಟು. ಅಜ್ಜಿ, ‘ನೀ ಯಾಕಪ್ಪಾ ನನ್ ಹಿಂದೆ ಗಡಿಯಾರ ಹಿಡ್ಕಂಡ್ ಬರ್ತೀಯ, ನಾನೇನ್ ಓಟದ್ ಪಂದ್ಯಕ್ಕೆ ಹೊರಟಿದೀನಾ?’ ಎಂದು ಗದರಿದಳು. ಮಳೆಗಾಲದಲ್ಲಿ ಹಳ್ಳದ ಸಂಕ ಮುಳುಗುತ್ತದೆ, ಆಗ ಮೂರು ಮನೆಯವರು ದೊಡ್ಡ ಸುತ್ತು ಬರಬೇಕು. ಆ ಮರದ ದಿಮ್ಮಿಯ ಕಾಲುಸೇತುವೆ ನನ್ನ ಗ್ರಾಫ್ ಹಾಳೆಯಲ್ಲಿ ಎಲ್ಲಿತ್ತು? ಮಳೆಗಾಲದಲ್ಲಿ ಹಳ್ಳದ ಸದ್ದಿಗೆ ಮೇಲಿನ ಹಾರ್ನು ಕೇಳಿಸುವುದಿಲ್ಲವೆಂದು ತಿಮ್ಮಪ್ಪಣ್ಣ ಆಗ ಇನ್ನೂ ಒಂದು ಕಡೆ, ಬಂಡೆಯ ಪಕ್ಕ ನಿಂತು ಹಾಕುತ್ತಿದ್ದನೆಂಬುದೂ ಆಗಲೇ ಗೊತ್ತಾಯಿತು. ಯಾರೂ ಹೇಳಿಕೊಡದೆ, ಯಾವ ಹಾಳೆಯ ಮೇಲೂ ಬರೆಯದೆ, ಆ ಮನುಷ್ಯ ಇಡೀ ಕಣಿವೆಯ ನಡಿಗೆಯನ್ನು ತಲೆಯಲ್ಲಿಟ್ಟುಕೊಂಡಿದ್ದ. ಇಳಿಜಾರಿನಲ್ಲಿ ಅವನು ನಿಧಾನ ಮಾಡುತ್ತಿದ್ದುದೂ ಬ್ರೇಕಿನ ಹೆದರಿಕೆಯಿಂದಲ್ಲ, ದೂರದ ಮನೆಯವರೂ ಸ್ಟಾಪು ಮುಟ್ಟಲಿ ಎಂದು. ಅವನ ಲೆಕ್ಕ ಅಷ್ಟು ಕರಾರುವಾಕ್ಕಾಗಿತ್ತು.

ಹೀಗೆ ನಾನು ಮಾಡಿದ ಪಟ್ಟಿಗೆ ‘ನಡಿಗೆ ಪಟ್ಟಿ’ ಎಂದು ಹೆಸರಿಟ್ಟೆ. ಎಡಗಡೆ ಮನೆ, ಬಲಗಡೆ ನಿಮಿಷ. ಚೌಡಪ್ಪನ ಮನೆಯ ಎದುರು ಹದಿನೆಂಟು ಎಂದು ಬರೆದೆ. ಗಟ್ಟಿಮುಟ್ಟಾದವನಿಗೆ ಅದು ಹತ್ತು ನಿಮಿಷದ ದಾರಿ.

ಪಟ್ಟಿ ಹಿಡಿದು ಯಜಮಾನರ ಎದುರು ನಿಂತಾಗ ನನ್ನ ಕೆಲಸ ಹೋಯಿತೆಂದೇ ತಿಳಿದಿದ್ದೆ. ಐದು ದಿನ ಹೇಳದೆ ಕೇಳದೆ ರಜೆ, ಅದರ ಮೇಲೆ ಅವರೇ ಮೆಚ್ಚಿದ ಟೈಮು ತಪ್ಪೆಂದು ಹೇಳಬೇಕು. ಎಲ್ಲವನ್ನೂ ಹೇಳಿದೆ. ಅವರು ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಬಳಿಕ ತಮ್ಮ ಹಳೆಯ ಕಥೆ ತೆಗೆದರು. ಎರಡನೇ ಮಹಾಯುದ್ಧದ ಕಾಲದಲ್ಲಿ, ಪೆಟ್ರೋಲ್ ಸಿಗದೆ ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಬಸ್ಸಿನಲ್ಲಿ ಅವರು ಕ್ಲೀನರ್ ಆಗಿದ್ದವರು. ಏರು ಬಂದರೆ ಆ ಬಸ್ಸು ಹತ್ತುತ್ತಿರಲಿಲ್ಲ. ಜನ ಇಳಿದು ತಳ್ಳಬೇಕಿತ್ತು.

‘ತಳ್ಳೋರ ಹೆಸರು, ಮನೆ, ಮಕ್ಕಳು, ಎಲ್ಲಾ ನಂಗೆ ಗೊತ್ತಿರ್ತಿತ್ತು ಕಣೋ. ಅವ್ರಿಲ್ದೆ ಬಸ್ಸು ಮುಂದೆ ಹೋಗ್ತಿರ್ಲಿಲ್ಲ. ಡೀಸೆಲ್ ಎಂಜಿನ್ ಬಂದ್ಮೇಲೆ ಮರ್ತೇಬಿಟ್ಟೆ ನೋಡು’ ಎಂದರು. ‘ರೈಲಿನವರಿಗೇನು ಮಾಡ್ತೀಯ?’

‘ಹುಲಿಕಲ್ಲಿನಿಂದಲೇ ಹನ್ನೊಂದು ನಿಮಿಷ ಬೇಗ ಹೊರಟರೆ ಆಯ್ತು. ಕೆಳಗಿನವರಿಗೆ ಹಾರ್ನು ಕೇಳಿದರೆ ಸಾಕು, ಗಂಟೆ ಎಷ್ಟಾದ್ರೇನು.’

‘ಇಷ್ಟು ಸುಲಭದ್ದು ಮೊದ್ಲು ಯಾಕೆ ಹೊಳೀಲಿಲ್ಲ?’

ಬಸ್ಸು ನಿಂತದ್ದನ್ನು ಮಾತ್ರ ನೋಡುತ್ತಿದ್ದವನಿಗೆ ಜನ ನಡೆಯುವುದು ಹೇಗೆ ಹೊಳೆಯಬೇಕು? ಬೇಗ ಏಳುವುದು ತಿಮ್ಮಪ್ಪಣ್ಣನಿಗೆ ಒಪ್ಪಿಗೆಯೇ ಎಂದು ಯಜಮಾನರು ಕೇಳಿಸಿದರು. ಅವನು, ‘ಹೆಂಗಿದ್ರೂ ನಂಗೆ ಕೋಳಿ ಕೂಗೋ ಮುಂಚೆ ಎಚ್ರ ಆಗುತ್ತೆ’ ಎಂದ. ಪರ್ಮಿಟ್ಟಿನ ಟೈಮು ಬದಲಿಸಲು ಅರ್ಜಿ ಹಾಕಿದೆವು. ಮೆಮೊವನ್ನು ನಾನೇ ಹರಿದುಹಾಕಿದೆ. ಮರುದಿನದಿಂದಲೇ ಹೊನ್ನೆಮರದ ತಿರುವಿನಲ್ಲಿ ಹಾರ್ನು ಮತ್ತೆ ಕೇಳತೊಡಗಿತು. ಮ್ಯಾನೇಜರು ಗೋಡೆಯ ಮೇಲಿನ ಮೇಷ್ಟರ ಕಾರ್ಡು ತೆಗೆದು ಅದೇ ಮೊಳೆಗೆ ನನ್ನ ನಡಿಗೆ ಪಟ್ಟಿಯನ್ನು ಹಾಕಿದರು. ಅದಕ್ಕಿಂತ ದೊಡ್ಡ ಬಡ್ತಿ ನನಗೆ ಆಮೇಲೆ ಸಿಗಲಿಲ್ಲ.

ಆ ಬಳಿಕ ಯಾವ ಮಾರ್ಗಕ್ಕೆ ಬಸ್ಸು ಹಾಕುವಾಗಲೂ ಮೊದಲು ನಡೆಯುತ್ತಿದ್ದೆ, ಆಮೇಲೆ ಗೆರೆ ಎಳೆಯುತ್ತಿದ್ದೆ. ನಡೆದಾಗ ಎಷ್ಟೋ ಸಂಗತಿಗಳು ಕಣ್ಣಿಗೆ ಬೀಳುತ್ತಿದ್ದವು. ಬಸ್ಸಿನ ಮೊದಲ ಮೆಟ್ಟಿಲು ಹೆಂಗಸರಿಗೆ ಎಷ್ಟು ಎತ್ತರ ಎಂಬುದು ಹೊಳೆದದ್ದು ಆ ಮಂಡಿ ನೋವಿನ ಅಜ್ಜಿಯನ್ನು ನೋಡಿ. ಬಾಡಿ ಕಟ್ಟುವ ಶೆಡ್ಡಿನವರಿಗೆ ಹೇಳಿ ಕೆಳಗೊಂದು ಮಡಚುವ ಮೆಟ್ಟಿಲು ಮಾಡಿಸಿದೆವು. ಎಂಬತ್ತರ ದಶಕದಲ್ಲಿ ಎಂಜಿನಿಯರುಗಳು ಸರ್ವೆಯ ಫಾರಂ ಹಿಡಿದು ಬಂದರು. ಎಷ್ಟು ಜನ ಹತ್ತಿದರು, ಎಷ್ಟು ಜನ ಇಳಿದರು ಎಂದು ಬರೆದುಕೊಂಡರು. ಒಳ್ಳೆಯ ಕೆಲಸವೇ. ಹತ್ತಲಾಗದೆ ಮನೆಗೆ ಮರಳಿದವರಿಗೆ ಅದರಲ್ಲೊಂದು ಕಾಲಂ ಇಡಿ ಎಂದು ಕೇಳಿದೆ. ಅವರಲ್ಲಿ ಒಬ್ಬರು ಮಾತ್ರ ಪೆನ್ನು ತೆಗೆದು ಬರೆದುಕೊಂಡರು.

ಚೌಡಪ್ಪ ಇಂಜೆಕ್ಷನ್ ಮುಗಿಸಿದ ಸುದ್ದಿಯನ್ನು ತಿಮ್ಮಪ್ಪಣ್ಣನೇ ತಂದು ಹೇಳಿದ್ದ. ಆಮೇಲೆ ನನಗೆ ತೀರ್ಥಹಳ್ಳಿ ಕಡೆಯ ಮಾರ್ಗಗಳ ಕೆಲಸ ಹೆಚ್ಚಾಗಿ, ಆ ಕಣಿವೆಗೆ ಹೋಗುವುದು ತಪ್ಪಿಹೋಯಿತು.

ಎಂಬತ್ತರ ದಶಕದ ಕೊನೆಗೆ ತಿಮ್ಮಪ್ಪಣ್ಣ ನಿವೃತ್ತನಾದ. ಅವನ ಕೊನೆಯ ಟ್ರಿಪ್ಪಿಗೆ ನಾನೂ ಹೋದೆ. ಹೊನ್ನೆಮರದ ತಿರುವಿನಲ್ಲಿ ಬಸ್ಸು ನಿಲ್ಲಿಸಿ, ‘ಬನ್ನಿ ರಾಯ್ರೇ, ಇವತ್ತು ನೀವ್ ಹಾಕಿ’ ಎಂದ. ಎಷ್ಟು ಸಲ ಉಂಡೆ ಬದಲಿಸಿದ್ದನೋ, ಆದರೆ ಹಿತ್ತಾಳೆಯ ಕೊಳವೆ ಅದೇ. ನಾನು ಎರಡೂ ಕೈಯಲ್ಲಿ ಹಿಂಡಿದೆ. ಅವನದು ಉದ್ದಕ್ಕೆ ಹರಿಯುತ್ತಿದ್ದರೆ ನನ್ನದು ತುಂಡುತುಂಡಾಗಿ ಕರ್ಕಶವಾಗಿ ಬಂತು. ಬಸ್ಸಿನವರೆಲ್ಲ ನಕ್ಕರು. ನಾನು ಕೆಮ್ಮಿದಂತೆ ನಟಿಸಿ ಬಂದು ಕುಳಿತೆ.

ಬಸ್ಸು ಅರ್ಧ ಕಣಿವೆ ಸುತ್ತಿತ್ತಷ್ಟೆ. ರಸ್ತೆಯ ಪಕ್ಕದ ಕಾಲುದಾರಿಯಿಂದ ಒಬ್ಬ ಮನುಷ್ಯ ಧಡಧಡ ಓಡಿ ಬಂದು ಕೈ ಅಡ್ಡ ಹಾಕಿದ. ಮೈಮೇಲೆ ಅಂಗಿಯಿಲ್ಲ, ಕೈಯಲ್ಲಿ ಕತ್ತಿ ಹಾಗೇ ಇತ್ತು. ಕೆಲಸದ ನಡುವೆ ಎದ್ದು ಬಂದಿದ್ದ. ಕಲ್ಲುಕಟ್ಟೆಗೆ ಹೋಗಿ ಕಾಯದೆ, ಒಳದಾರಿಯಲ್ಲಿ ಏರು ಹತ್ತಿಕೊಂಡು ಬಸ್ಸಿನ ಎದುರೇ ಬಂದಿದ್ದ. ಗುರುತು ಹಿಡಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವನು ನನ್ನತ್ತ ನೋಡಲೂ ಇಲ್ಲ, ಸೀದಾ ಡ್ರೈವರ್ ಕಿಟಕಿಗೆ ಹೋದ.

‘ತಿಮ್ಮಪ್ಪಣ್ಣಾ, ಎಂತ ಆತು? ಹಾರ್ನು ನಿಮ್ ಥರ ಕೇಳ್ಲಿಲ್ಲ. ಮೈ ಹುಷಾರಿಲ್ಲೇನೋ ಅಂತ ಓಡಿ ಬಂದೆ.’

ತಿಮ್ಮಪ್ಪಣ್ಣ ಕಿಟಕಿಯಿಂದ ಕೈ ಹೊರಗೆ ಚಾಚಿ ಚೌಡಪ್ಪನ ಹೆಗಲ ಮೇಲಿಟ್ಟ. ನಾನು ಅಭ್ಯಾಸಬಲದಿಂದ ಗಡಿಯಾರ ನೋಡಿದೆ. ಹಾರ್ನು ಹಾಕಿ ಒಂಬತ್ತು ನಿಮಿಷವಾಗಿತ್ತು. ಸಾಗರಕ್ಕೆ ಹೋದವನೇ ಆಫೀಸಿನ ಗೋಡೆಯಿಂದ ನಡಿಗೆ ಪಟ್ಟಿಯನ್ನು ಕೆಳಗಿಳಿಸಿ, ಚೌಡಪ್ಪನ ಮನೆಯ ಎದುರಿದ್ದ ಹದಿನೆಂಟನ್ನು ಹೊಡೆದುಹಾಕಿ ಒಂಬತ್ತು ಎಂದು ಬರೆದೆ.